ಭರತನಾಟ್ಯವೋ, ಕಳರಿಯೋ, ಯಕ್ಷಗಾನವೋ? ಸೇರುವ ಮೊದಲು ಒಂದು ಮಾಮೂಲಿ ದಿನದ ಕ್ಲಾಸ್ ನೋಡಿ

ವಿಜಯದಶಮಿ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. ಹೊಸ ವಿದ್ಯೆ ಶುರು ಮಾಡಲು ಒಳ್ಳೆಯ ದಿನ ಅಲ್ವಾ, ಅದಕ್ಕೆ. "ಅಕ್ಕಾ, ಮಗಳಿಗೆ ಏಳು ತುಂಬಿತು. ಭರತನಾಟ್ಯಕ್ಕೆ ಸೇರಿಸಲಾ, ಕೂಚಿಪುಡಿಗೆ ಸೇರಿಸಲಾ?" "ಮಗ ಡ್ಯಾನ್ಸ್ ಬೇಡ ಅಂತಾನೆ, ಕಳರಿಗೆ ಹಾಕಿದರೆ ಹೇಗೆ?" "ನನಗೇ ಮೂವತ್ತೆಂಟು ಆಯ್ತು. ಈಗ ಏನಾದರೂ ಕಲಿಯೋಕೆ ಆಗುತ್ತಾ?"

ನಾನು ಕಲಿಸುವವಳಲ್ಲ, ಕಲಿಯುವವಳು. ಹನುಮಂತನಗರದಲ್ಲಿ ಎಂಟನೇ ವಯಸ್ಸಿನಿಂದ ಹದಿನೇಳರವರೆಗೆ ಭರತನಾಟ್ಯ ಕಲಿತೆ. ಮೂವತ್ತಾರಕ್ಕೆ ಕೇರಳದ ಸಮರ ಕಲೆ ಕಳರಿಪಯಟ್ಟು ಹಿಡಿದೆ, ಈಗ ಆರನೇ ವರ್ಷ. ಮಗ ಶನಿವಾರ, ಭಾನುವಾರ ಯಕ್ಷಗಾನದ ಕ್ಲಾಸಿಗೆ ಹೋಗುತ್ತಾನೆ. ಉಳಿದ ಕಲೆಗಳ ಕ್ಲಾಸುಗಳನ್ನು ಗೆಳತಿಯರ ಜೊತೆ ಹೋಗಿ, ಬಾಗಿಲ ಪಕ್ಕ ಕೂತು ನೋಡಿದ್ದೇನೆ. ಕೇಳಿದವರಿಗೆಲ್ಲ ಒಂದೊಂದು ಸಾಲಿನ ಉತ್ತರ ಕೊಟ್ಟು ನನಗೇ ಸಮಾಧಾನವಾಗಿಲ್ಲ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ.

ನಾವು ಸಾಮಾನ್ಯವಾಗಿ ಆರಿಸುವುದು ವೇದಿಕೆ ನೋಡಿ. ರವೀಂದ್ರ ಕಲಾಕ್ಷೇತ್ರದಲ್ಲೋ ಚೌಡಯ್ಯ ಹಾಲಿನಲ್ಲೋ ಒಂದು ಕಾರ್ಯಕ್ರಮ ನೋಡುತ್ತೇವೆ. ಆ ಬೆಳಕು, ಆ ಬಣ್ಣ, ಆ ಕಾಲಿನ ವೇಗ ನೋಡಿ ಮನಸ್ಸು ಸೋಲುತ್ತದೆ. ಮಾರನೇ ದಿನ ಫೀಸು ಕಟ್ಟುತ್ತೇವೆ. ಆದರೆ ಆ ಎರಡು ಗಂಟೆಯ ಹಿಂದೆ ಹತ್ತು ಹನ್ನೆರಡು ವರ್ಷ ಇರುತ್ತದೆ. ನೀವು ನಿಜಕ್ಕೂ ಸೇರುತ್ತಿರುವುದು ಮೊದಲ ವರ್ಷದ ಮಂಗಳವಾರ ಸಂಜೆಗೆ, ಸ್ಕೂಲು ಆಫೀಸು ಮುಗಿದು ಸುಸ್ತಾದ ಮೈಗೆ. ಆ ಸಂಜೆ ಏನು ಮಾಡಿಸುತ್ತಾರೆ ಅನ್ನುವುದೇ ಒಂದು ಕಲೆಗೂ ಇನ್ನೊಂದಕ್ಕೂ ಇರುವ ದೊಡ್ಡ ವ್ಯತ್ಯಾಸ. ಅದನ್ನೇ ಹೇಳುತ್ತೇನೆ.

ಭರತನಾಟ್ಯ, ಮತ್ತು ಅದರ ಅಕ್ಕಪಕ್ಕದವು

ಭರತನಾಟ್ಯದ ಮೊದಲ ವರ್ಷ ಅಂದರೆ ಅರೆಮಂಡಿ ಮತ್ತು ಅಡವು, ಅಂದರೆ ಮೂಲ ಹೆಜ್ಜೆಗಳು. ಮಂಡಿ ಎರಡೂ ಪಕ್ಕಕ್ಕೆ ತೆರೆದಿರಬೇಕು, ಬೆನ್ನು ನೆಟ್ಟಗಿರಬೇಕು, ಅರ್ಧ ಕೂತ ಹಾಗೆ ನಿಲ್ಲಬೇಕು. ಹಾಗೆ ನಿಂತೇ ತಟ್ಟಡವು. ತೈಯಾ ತೈ, ತೈಯಾ ತೈ. ಗುರುಗಳು ಮಣೆಯ ಮೇಲೆ ಕೋಲು ತಟ್ಟುತ್ತಾರೆ. ಮೊದಲು ಒಂದನೇ ಕಾಲ, ಆಮೇಲೆ ಅದರ ಎರಡರಷ್ಟು ವೇಗ, ಆಮೇಲೆ ಅದರ ಎರಡರಷ್ಟು. ಮೂರನೇ ಕಾಲಕ್ಕೆ ಬರುವಷ್ಟರಲ್ಲಿ ಮಕ್ಕಳೆಲ್ಲ ತಮಗೇ ಗೊತ್ತಿಲ್ಲದೆ ಮೆಲ್ಲಗೆ ಮೇಲೆ ಎದ್ದಿರುತ್ತಾರೆ. "ಕೂತ್ಕೊಂಡ್ ಮಾಡು" ಅಂತ ನಮ್ಮ ಗುರುಗಳು ಒಂದು ಗಂಟೆಯಲ್ಲಿ ನಲವತ್ತು ಸಲ ಹೇಳುತ್ತಿದ್ದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ, ನಿನ್ನೆಗಿಂತ ಇವತ್ತು ಚೂರು ಚೆನ್ನಾಗಿ ಬಂತು ಅಂತ ಖುಷಿಪಡುವ ಮಗು ಇದ್ದರೆ ಭರತನಾಟ್ಯ ಅದಕ್ಕೆ ಹೇಳಿ ಮಾಡಿಸಿದ್ದು. ಕಲಿಕೆಗೆ ಮೆಟ್ಟಿಲುಗಳೂ ಇವೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಅಭಿನಯ ದರ್ಪಣ ಅನ್ನುವ ಹಳೆಯ ಗ್ರಂಥದ 28 ಅಸಂಯುತ ಹಸ್ತಗಳನ್ನು, ಅಂದರೆ ಒಂದೇ ಕೈಯ ಮುದ್ರೆಗಳನ್ನು, ಶ್ಲೋಕದ ಸಮೇತ ಬಾಯಿಪಾಠ ಮಾಡಬೇಕು. ಎಲ್ಲಿಗೆ ತಲುಪಿದ್ದೇವೆ ಅನ್ನುವುದು ಗೊತ್ತಾಗುತ್ತಾ ಇರುತ್ತದೆ.

ಬೆಂಗಳೂರಿನಲ್ಲಿ ಕಲಿಯುವವರು ಒಂದು ಪ್ರಶ್ನೆ ಕೇಳಲೇಬೇಕು: ನಿಮ್ಮದು ಯಾವ ಶೈಲಿ? ಚೆನ್ನೈನ ಕಲಾಕ್ಷೇತ್ರ ಸಂಸ್ಥೆಯ ಶೈಲಿಯಲ್ಲಿ ಕೈಕಾಲಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿರುತ್ತದೆ. ನಮ್ಮದೇ ಆದ ಮೈಸೂರು ಶೈಲಿಯಲ್ಲಿ ಅಭಿನಯಕ್ಕೆ ಜಾಸ್ತಿ ಜಾಗ. ಭರತನಾಟ್ಯಕ್ಕೆ ಇವತ್ತಿನ ರೂಪ ಕೊಟ್ಟ ತಂಜಾವೂರಿನ ನಾಲ್ವರು ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದಿದ್ದರು. ಆಮೇಲೆ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಈ ಶೈಲಿಯನ್ನು ಬೆಳೆಸಿದರು. ಕಡೂರಿನ ಕಡೆಯ ತಾಂಡ್ಯದಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು. ಕೂತಲ್ಲೇ ಕೂತು, ಬರೀ ಕಣ್ಣು, ಹುಬ್ಬು, ಕೈಯಲ್ಲಿ ಒಂದು ಜಾವಳಿ, ಅಂದರೆ ಶೃಂಗಾರದ ಹಾಡು, ಮುಗಿಸುವ ದಾರಿ ಅದು. ಇದನ್ನು ಕಲಿಸುವವರು ಈಗ ಕಡಿಮೆ. ನಿಮ್ಮ ಹತ್ತಿರ ಒಬ್ಬರು ಸಿಕ್ಕರೆ ಬಿಡಬೇಡಿ. ವಯಸ್ಸಾದಂತೆ ಕಾಲು ಸೋತರೂ ಅಭಿನಯ ಜೊತೆಗೆ ಉಳಿಯುತ್ತದೆ.

ಈಗ ನೋವಿನ ವಿಷಯ. ನಾನು ಕಲಿತದ್ದು ಕಾಂಕ್ರೀಟಿನ ಮೇಲೆ ಗ್ರಾನೈಟ್ ಹಾಸಿದ ಹಾಲಿನಲ್ಲಿ. ಮೈ ಬಿಸಿ ಮಾಡಿಕೊಳ್ಳುವ ವ್ಯಾಯಾಮ ಇರಲಿಲ್ಲ. ಬಂದ ತಕ್ಷಣ ತಟ್ಟಡವು. ಹದಿನೈದಕ್ಕೆ ಮಂಡಿ ನೋವು ಶುರುವಾಯಿತು. ಹೇಳಿದರೆ "ಅಭ್ಯಾಸ ಮಾಡ್ತಾ ಮಾಡ್ತಾ ಹೋಗುತ್ತೆ" ಅಂದರು. ಹೋಗಲಿಲ್ಲ. ಹದಿನೇಳಕ್ಕೆ ನಾನೇ ಬಿಟ್ಟೆ, ಅತ್ತುಕೊಂಡು ಬಿಟ್ಟೆ. ಅದರಲ್ಲಿ ಕಲೆಯ ತಪ್ಪಿಲ್ಲ. ನೆಲದ ತಪ್ಪು, ಕಲಿಸುವ ರೀತಿಯ ತಪ್ಪು. ಆದ್ದರಿಂದ ಕ್ಲಾಸಿಗೆ ಹೋದಾಗ ಮೊದಲು ನೆಲ ನೋಡಿ. ಮರದ ನೆಲ ಇದ್ದರೆ ಪುಣ್ಯ. ಗ್ರಾನೈಟ್ ಇದ್ದರೆ, ಎಷ್ಟು ಹೊತ್ತು ಕಾಲು ತಟ್ಟಿಸುತ್ತಾರೆ, ಮಧ್ಯೆ ಬಿಡುವು ಕೊಡುತ್ತಾರಾ ಅಂತ ಗಮನಿಸಿ.

ಖರ್ಚಿನ ಮಾತನ್ನೂ ಮೊದಲೇ ಆಡಿ. ತಿಂಗಳ ಫೀಸು ದೊಡ್ಡದೇನಲ್ಲ. ರಂಗಪ್ರವೇಶ, ಅಂದರೆ ಮೊದಲ ಪೂರ್ಣ ವೇದಿಕೆ ಕಾರ್ಯಕ್ರಮ, ದೊಡ್ಡದು. ಹಾಡುಗಾರರು, ಮೃದಂಗ, ಕೊಳಲು, ನಟ್ಟುವಾಂಗ, ನಾಲ್ಕು ಜೊತೆ ಬಟ್ಟೆ, ಹಾಲ್ ಬಾಡಿಗೆ, ಬಂದವರಿಗೆ ಊಟ. ಮದುವೆಯಷ್ಟು ಖರ್ಚಾದ ರಂಗಪ್ರವೇಶಗಳನ್ನು ನೋಡಿದ್ದೇನೆ. ಅದು ಕಡ್ಡಾಯವಾ, ಸರಳವಾಗಿ ಮಾಡಲು ಒಪ್ಪುತ್ತೀರಾ ಅಂತ ಸೇರುವ ದಿನವೇ ಕೇಳಿ. ಕೇಳುವುದು ಅಗೌರವ ಅಲ್ಲ. ಒಳ್ಳೆಯ ಗುರುಗಳು ನೇರವಾಗಿ ಹೇಳುತ್ತಾರೆ.

ಕೂಚಿಪುಡಿ ಆಂಧ್ರದ ಕೃಷ್ಣಾ ಜಿಲ್ಲೆಯ ಕೂಚಿಪುಡಿ ಅನ್ನುವ ಹಳ್ಳಿಯದು. ಮೂಲದಲ್ಲಿ ಇದು ನಾಟಕ. ಗಂಡಸರೇ ಸತ್ಯಭಾಮೆಯ ವೇಷ ಹಾಕುತ್ತಿದ್ದರು, ಕಲಾವಿದರೇ ಮಾತಾಡುತ್ತಿದ್ದರು. ಆ ನಾಟಕದ ಗುಣ ಇನ್ನೂ ಉಳಿದಿದೆ. ಮೈಯಲ್ಲಿ ಒಂದು ಪುಟಿತ ಇರುತ್ತದೆ. ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಪಾದ ಇಟ್ಟು ಕುಣಿಯುವ ತರಂಗವನ್ನು ಎಲ್ಲರೂ ನೋಡಿರುತ್ತಾರೆ, ಆದರೆ ಅದು ಎಷ್ಟೋ ವರ್ಷಗಳ ನಂತರದ ಮಾತು. ಮೊದಲ ವರ್ಷ ಇಲ್ಲೂ ಅಡವುಗಳೇ. ಹಾಗಾಗಿ ಭರತನಾಟ್ಯ ಮತ್ತು ಕೂಚಿಪುಡಿ ನಡುವೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎರಡರಲ್ಲಿ ಯಾರ ಕ್ಲಾಸಿನಲ್ಲಿ ಮಗು ನಗುತ್ತಾ ಹೊರಗೆ ಬರುತ್ತದೋ ಅಲ್ಲಿಗೆ ಸೇರಿಸಿ. ಬಾಯಿ ಸುಮ್ಮನಿರದ, ಕಥೆ ಹೇಳುವ ಮಗುವಾದರೆ ನಾನು ಕೂಚಿಪುಡಿ ಕಡೆ ಸ್ವಲ್ಪ ವಾಲುತ್ತೇನೆ.

ಮೋಹಿನಿಯಾಟ್ಟಂ ಬಗ್ಗೆ ಕೇಳುವವರು ಕಡಿಮೆ. ನನಗೆ ಅದೇ ಬೇಸರ. ಕೇರಳದ ಈ ನೃತ್ಯದಲ್ಲಿ ಕಾಲು ಜೋರಾಗಿ ಬೀಳುವುದಿಲ್ಲ. ಎದೆಯ ಭಾಗ ನಿಧಾನಕ್ಕೆ ವೃತ್ತದಲ್ಲಿ ತೂಗುತ್ತದೆ. ಬಿಳಿ ಸೀರೆ, ಚಿನ್ನದ ಅಂಚು, ಸೋಪಾನ ಸಂಗೀತ. ನನ್ನ ಗೆಳತಿ ನಲವತ್ತೊಂದಕ್ಕೆ ಸೇರಿದಳು. ಮೊದಲ ಮೂರು ತಿಂಗಳು ಅವಳಿಗೆ ಕಷ್ಟವಾದದ್ದು ಕಾಲಲ್ಲ, ನಿಧಾನ. ಐಟಿ ಕೆಲಸದಿಂದ ಓಡಿ ಬಂದು ಅಷ್ಟು ಮೆಲ್ಲಗೆ ಮೈ ತೂಗುವುದು ಅವಳಿಗೆ ಆಗುತ್ತಲೇ ಇರಲಿಲ್ಲ. ಈಗ ಅದಕ್ಕಾಗಿಯೇ ಹೋಗುತ್ತಾಳೆ. ಕಥಕ್ಕಳಿಯನ್ನು ತಪ್ಪದೆ ನೋಡಿ, ಆದರೆ ವಾರಕ್ಕೆರಡು ಗಂಟೆ ಕೊಟ್ಟು ಕಲಿಯುವ ಕಲೆ ಅದಲ್ಲ.

ಕಳರಿಪಯಟ್ಟು

ಕಳರಿ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಗಾಳಿಯಲ್ಲಿ ಸುತ್ತುವ ಉರುಮಿ, ಅಂದರೆ ಬಳುಕುವ ಉದ್ದ ಕತ್ತಿ. "ಉರುಮಿ ಯಾವಾಗ ಕೊಡ್ತಾರೆ?" ಅಂತ ನಮ್ಮ ಕಳರಿಗೆ ಬರುವ ಪ್ರತಿ ಹುಡುಗನೂ ಕೇಳುತ್ತಾನೆ. ಮೊದಲ ಹಂತ ಮೆಯ್‌ತ್ತಾರಿ, ಅಂದರೆ ಬರೀ ಮೈಯ ಸಾಧನೆ. ಆಮೇಲೆ ಕೋಲ್‌ತ್ತಾರಿ, ಕೋಲುಗಳು. ಅದಾದ ಮೇಲೆ ಅಂಕತ್ತಾರಿ, ಕತ್ತಿ, ಗುರಾಣಿ, ಈಟಿ. ಉರುಮಿ ಎಲ್ಲಕ್ಕಿಂತ ಕೊನೆಯ ಸಾಲಿನದು, ಯಾಕೆಂದರೆ ಅದು ಬೀಸಿದವನಿಗೇ ತಿರುಗಿ ಬಡಿಯಬಹುದು. ಮೂರು ತಿಂಗಳಿಗೆ ಕೈಗೆ ಕತ್ತಿ ಕೊಡುವ ಜಾಗ ಕಂಡರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ.

ಕೇರಳದ ಹಳೆಯ ಕಳರಿ ನೆಲದಿಂದ ಕೆಳಗೆ ಅಗೆದ ಮಣ್ಣಿನ ಅಂಕಣ. 42 ಅಡಿ ಉದ್ದ, 21 ಅಡಿ ಅಗಲ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲ ಪೂತ್ತರ, ಅಂದರೆ ಪೂಜೆಯ ಪೀಠ. ಬೆಂಗಳೂರಿನಲ್ಲಿ ಅಷ್ಟು ಜಾಗ ಎಲ್ಲಿ ಸಿಗುತ್ತೆ? ನಾನು ಕಲಿಯುವುದು ಎರಡನೇ ಮಹಡಿಯ ಹಾಲಿನಲ್ಲಿ. ಆದರೂ ಬಲಗಾಲು ಮುಂದಿಟ್ಟು ಒಳಗೆ ಬರುತ್ತೇವೆ, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ. ಆಮೇಲೆ ಕಾಲುಗಳು, ಅಂದರೆ ಕಾಲು ಬೀಸುವ ಅಭ್ಯಾಸಗಳು. ನೇರ್‌ಕಾಲ್ ಅಂದರೆ ಎರಡೂ ಕೈಯನ್ನು ತಲೆಯ ಮೇಲೆ ಚಾಚಿ ಹಿಡಿದು, ಮಂಡಿ ಬಗ್ಗಿಸದೆ, ಕಾಲನ್ನು ಅಲ್ಲಿಯವರೆಗೂ ಬೀಸಬೇಕು. ಮೊದಲ ದಿನ ನನ್ನ ಪಾದ ಸೊಂಟದ ಮಟ್ಟಕ್ಕೆ ಬಂತು. ನನ್ನ ಪಕ್ಕದಲ್ಲಿದ್ದ ಹನ್ನೊಂದು ವರ್ಷದ ಹುಡುಗಿಯ ಪಾದ ಅವಳ ಅಂಗೈಗೆ 'ಟಪ್' ಅಂತ ಬಡಿಯಿತು. ಆ ಸದ್ದು ನನ್ನ ಅಂಗೈಯಲ್ಲಿ ಕೇಳಲು ಹದಿನಾಲ್ಕು ತಿಂಗಳು ಬೇಕಾಯಿತು.

ಕಾಲುಗಳಾದ ಮೇಲೆ ವಡಿವುಗಳು. ಆನೆ, ಸಿಂಹ, ಕುದುರೆ, ಹಂದಿ, ಹಾವು, ನವಿಲು, ಹೀಗೆ ಪ್ರಾಣಿಗಳ ನಿಲುವು. ಆಮೇಲೆ ಇವನ್ನೆಲ್ಲ ಜೋಡಿಸಿದ ಮೆಯ್‌ಪ್ಪಯಟ್ಟು. ಗುರುಕ್ಕಳ್, ಅಂದರೆ ಕಳರಿಯ ಗುರುಗಳು, ಮಲಯಾಳದಲ್ಲಿ ವಾಯ್ತ್ತಾರಿ, ಅಂದರೆ ಬಾಯಿಮಾತಿನ ಆಜ್ಞೆಗಳನ್ನು, ಹೇಳುತ್ತಾ ಹೋಗುತ್ತಾರೆ, ಮೈ ಅದನ್ನು ಹಿಂಬಾಲಿಸಬೇಕು. ಭಾಷೆ ಬರಲ್ಲ ಅಂತ ಹೆದರಬೇಡಿ. ಬಲಕ್ಕೆ ವಲತ್ತು, ಎಡಕ್ಕೆ ಇಡತ್ತು. ನಮ್ಮ ಮಾತಿಗೆ ನೆಂಟರೇ.

ನನ್ನ ಹಳೆಯ ಮಂಡಿಗೆ ಕಳರಿ ಆಗಿಬಂತು. ಇಲ್ಲಿ ಕಾಲನ್ನು ನೆಲಕ್ಕೆ ಬಡಿಯುವುದು ಕಡಿಮೆ, ಬೀಸುವುದು ಮತ್ತು ತಗ್ಗಿ ನಿಲ್ಲುವುದು ಜಾಸ್ತಿ. ಆದರೆ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಯೇ ಸೇರಿದೆ. ನೀವೂ ಕೇಳಿ. ತಗ್ಗಿ ನಿಲ್ಲುವ ಭಂಗಿ ಎಲ್ಲ ಮಂಡಿಗೂ ಒಗ್ಗುವುದಿಲ್ಲ. ವಯಸ್ಸಿನ ಅನುಮಾನ ಇದ್ದರೆ ಕೇರಳದ ವಡಗರದ ಕಳರಿ ಗುರು ಮೀನಾಕ್ಷಿ ಅಮ್ಮನವರನ್ನು ನೆನೆಸಿಕೊಳ್ಳಿ. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಸೀರೆ ಬಿಗಿದು ಕತ್ತಿ ಹಿಡಿಯುತ್ತಿದ್ದರು.

ಮಗಳಿಗೆ ಆತ್ಮರಕ್ಷಣೆಗೆ ಅಂತ ಕಳರಿಗೆ ಸೇರಿಸುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮೂರು ತಿಂಗಳಲ್ಲಿ ಬಸ್ಸಿನಲ್ಲಿ, ಬೀದಿಯಲ್ಲಿ ಉಪಯೋಗಕ್ಕೆ ಬರಬೇಕು ಅಂದರೆ ಅದಕ್ಕೆಂದೇ ಇರುವ ಚಿಕ್ಕ ತರಬೇತಿಗೆ ಹೋಗಿ. ಕಳರಿ ಕೊಡುವುದು ಬೇರೆ. ನಡೆಯುವ ರೀತಿ ಬದಲಾಗುತ್ತದೆ. ಬಿದ್ದರೆ ಏಳುವುದು ಗೊತ್ತಿರುತ್ತದೆ. ಎದುರಿಗೆ ಬಂದವರ ಭುಜ ನೋಡಿದರೆ ಮುಂದೇನು ಅಂತ ಅಂದಾಜಾಗುತ್ತದೆ. ಇದೆಲ್ಲ ಬರುತ್ತದೆ, ನಿಧಾನಕ್ಕೆ.

ಕೋಲು ಹಿಡಿಯುವ ಆಸೆ ಇದ್ದರೆ

ಕಾಯಲಾರದ ಮಕ್ಕಳಿಗೆ ನಾನು ಹೇಳುವುದು ಸಿಲಂಬ. ತಮಿಳುನಾಡಿನ ಕೋಲಿನ ವಿದ್ಯೆ. ಹಣೆಯ ಮಟ್ಟದ ಒಂದು ಬಿದಿರು ಕೋಲು, ಒಂದು ಪಾರ್ಕು, ಇಷ್ಟಿದ್ದರೆ ಕ್ಲಾಸು ನಡೆಯುತ್ತದೆ. ಮೊದಲ ದಿನವೇ ಕೈಗೆ ಕೋಲು ಬರುತ್ತದೆ. ಮೊದಲ ತಿಂಗಳು ಅದು ಸ್ವಂತ ಮೊಣಕೈಗೆ, ಕಾಲಿಗೆ ಬಡಿಯುತ್ತದೆ. ಎರಡು ತಿಂಗಳಿಗೆ 'ವುಂಯ್' ಅನ್ನುವ ಸದ್ದು ಬರುತ್ತದೆ, ಆಗ ಮಗುವಿನ ಮುಖ ನೋಡಬೇಕು. ಖರ್ಚು ಎಲ್ಲಕ್ಕಿಂತ ಕಡಿಮೆ. ಸ್ಪರ್ಧೆಗಳೂ ಇವೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಲ್ಲಿ ಸಿಲಂಬವನ್ನು ಪ್ರದರ್ಶನ ಕ್ರೀಡೆಯಾಗಿ ಆಡಿಸಿದರು. ಕಳರಿಪಯಟ್ಟು ಅದಕ್ಕೂ ಮೊದಲೇ ಆ ಕ್ರೀಡಾಕೂಟಕ್ಕೆ ಬಂದಿತ್ತು.

ನಮ್ಮಲ್ಲೂ ದೊಣ್ಣೆ ವರಸೆ, ಕತ್ತಿ ವರಸೆ ಇವೆ. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಹಳೆಯ ಗರಡಿ ಮನೆಗಳು ಇನ್ನೂ ಉಳಿದಿವೆ. ಚೈತ್ರ ಹುಣ್ಣಿಮೆಯ ರಾತ್ರಿ ಕರಗದ ಸುತ್ತ ಬಿಚ್ಚುಗತ್ತಿ ಹಿಡಿದು ಹೋಗುವ ವೀರಕುಮಾರರನ್ನು ನೋಡಿದವರಿಗೆ ಈ ಊರಿನ ಕತ್ತಿಯ ನಂಟು ಹೊಸದಾಗಿ ಹೇಳಬೇಕಿಲ್ಲ. ಗರಡಿಯಲ್ಲಿ ಮುಖ್ಯ ಪಾಠ ಕುಸ್ತಿ. ಬೆಳಗಿನ ಜಾವ, ಕೆಮ್ಮಣ್ಣು, ಸಾಮು. ಹೆಣ್ಣುಮಕ್ಕಳಿಗೆ ಪ್ರವೇಶ ಇದೆಯಾ ಅಂತ ಮೊದಲೇ ವಿಚಾರಿಸಿ ಹೋಗಿ.

ಹೋರಾಟ ಮತ್ತು ಕುಣಿತ ಎರಡೂ ಒಂದರಲ್ಲೇ ಬೇಕು ಅಂದರೆ ಬೀಸು ಕಂಸಾಳೆ ಇದೆ. ಮಲೆ ಮಹದೇಶ್ವರನ ಭಕ್ತರದು. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ದಾರ ಕಟ್ಟಿದ ತಾಳ. ಅದನ್ನು ಬೀಸುತ್ತಾ, ಒಬ್ಬರ ಮೇಲೊಬ್ಬರು ಹತ್ತುತ್ತಾ, ಹಾಡು ತಪ್ಪದಂತೆ ತಾಳ ಹಾಕುತ್ತಾರೆ. ಇದೂ ಡೊಳ್ಳು ಕುಣಿತವೂ ಗುಂಪಿನ ಕಲೆಗಳು. ಒಬ್ಬಳೇ ಮುಂದೆ ನಿಲ್ಲಲು ನಾಚುವ ಮಗುವಿಗೆ ಗುಂಪು ದೊಡ್ಡ ಧೈರ್ಯ. ರಾಮನಗರದ ಜಾನಪದ ಲೋಕಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ, ಮೈಸೂರು ರಸ್ತೆಯಲ್ಲೇ ಇದೆ.

ಯಕ್ಷಗಾನ, ಭಾಷೆಗಾಗಿ

ಇದರ ಬಗ್ಗೆ ನನಗೆ ಪಕ್ಷಪಾತ ಇದೆ, ಹೇಳಿಬಿಡುತ್ತೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಬೆಂಗಳೂರಿನ ಮಗುವಿಗೆ ಯಕ್ಷಗಾನ ಕೊಡುವುದನ್ನು ಬೇರೆ ಯಾವ ಕ್ಲಾಸೂ ಕೊಡುವುದಿಲ್ಲ. ಇಲ್ಲಿ ಕುಣಿತದ ಜೊತೆ ಮಾತು ಇದೆ. ಭಾಗವತರು ಪದ್ಯ ಹಾಡಿದ ಮೇಲೆ ಕಲಾವಿದ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಹೇಳಬೇಕು. ಒಂದೇ ಒಂದು ಇಂಗ್ಲಿಷ್ ಪದ ಬರುವ ಹಾಗಿಲ್ಲ. ಮಗನಿಗೆ ಚಕ್ರವ್ಯೂಹ ಪ್ರಸಂಗದಲ್ಲಿ ಅಭಿಮನ್ಯು ಮಾಡಿಸಿದರು. ಒಂದು ರಾತ್ರಿ ಊಟಕ್ಕೆ ಕೂತಾಗ "ಅಮ್ಮಾ, ಅನುಜ್ಞೆ ಅಂದರೆ ಪರ್ಮಿಷನ್ ತಾನೆ?" ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಪರ್ಮಿಷನ್‌ಗಿಂತ ಅದೇ ಚೆನ್ನಾಗಿದೆ" ಅಂದ. ನಾನು ತಟ್ಟೆ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ತೆಂಕು, ಬಡಗು ಎಂಬ ಎರಡು ತಿಟ್ಟುಗಳು, ಅಂದರೆ ಶೈಲಿಗಳು, ಇವೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯದು ತೆಂಕು. ಗಾಳಿಯಲ್ಲಿ ಹಾರಿ ಸುತ್ತುವ ದಿಗಿಣ ಅದರ ಗುರುತು. ಉಡುಪಿಯಿಂದ ಉತ್ತರ ಕನ್ನಡದವರೆಗಿನದು ಬಡಗು. ಅಲ್ಲಿ ಮಂಡಿಯೂರಿ ತಿರುಗುತ್ತಾರೆ, ಚಂಡೆಯ ಧ್ವನಿಯೂ ಬೇರೆ. ಬೆಳೆಯುವ ಮಗುವಿಗೆ ಮಂಡಿ ತಿರುಗಿಸುವುದನ್ನು ಎಷ್ಟು ಬೇಗ ಹೇಳಿಕೊಡುತ್ತಾರೆ, ಮಂಡಿಗೆ ಏನು ಕಟ್ಟುತ್ತಾರೆ ಅಂತ ಕೇಳಿ. ಮೊದಲ ವರ್ಷ ಕೈಯಲ್ಲಿ ತಾಳ ಹಾಕುವುದು, ಹೆಜ್ಜೆ. ಏಕ, ರೂಪಕ, ಝಂಪೆ, ತ್ರಿವುಡೆ. ವೇಷ ಬಾಡಿಗೆಗೆ ಸಿಗುತ್ತದೆ, ಹಾಗಾಗಿ ಖರ್ಚು ಭರತನಾಟ್ಯದಷ್ಟಿಲ್ಲ. ಕರಾವಳಿಯಲ್ಲಿ ಮಳೆ ಹಿಡಿದು ಬಯಲಾಟ ನಿಂತಾಗ ಮೇಳಗಳು ಬೆಂಗಳೂರಿಗೆ ಬರುತ್ತವೆ. ಆ ತಿಂಗಳುಗಳಲ್ಲಿ ಎರಡೂ ತಿಟ್ಟು ನೋಡಿ. ಸಾಧ್ಯವಾದರೆ ಮಗುವನ್ನು ಚೌಕಿಗೆ, ಅಂದರೆ ಬಣ್ಣದ ಮನೆಗೆ, ಕರೆದುಕೊಂಡು ಹೋಗಿ, ಬಣ್ಣ ಹಚ್ಚುವುದನ್ನು ತೋರಿಸಿ. ನಮ್ಮ ಬಯಲುಸೀಮೆಯ ಮೂಡಲಪಾಯವೂ ಯಕ್ಷಗಾನವೇ. ತುಮಕೂರು, ಮಂಡ್ಯದ ಹಳ್ಳಿಗಳಲ್ಲಿ ಇನ್ನೂ ಇದೆ. ಅದನ್ನು ನಗರದಲ್ಲಿ ಕಲಿಸುವವರು ಹೆಚ್ಚಾಗಲಿ ಎಂದು ನನ್ನ ಆಸೆ.

ಕ್ಲಾಸ್ ನೋಡಲು ಹೋದಾಗ

ಹೇಳದೇ ಕೇಳದೇ ನುಗ್ಗಬೇಡಿ. ಫೋನ್ ಮಾಡಿ, ವಾರ್ಷಿಕೋತ್ಸವದ ದಿನ ಬಿಟ್ಟು ಒಂದು ಮಾಮೂಲಿ ದಿನ ಬರುತ್ತೇನೆ ಅನ್ನಿ. ಬೇಡ ಅಂದರೆ ಅಲ್ಲಿಗೇ ಉತ್ತರ ಸಿಕ್ಕಿತು. ಹೋದ ಮೇಲೆ ಎಲ್ಲರಿಗಿಂತ ಚೆನ್ನಾಗಿ ಮಾಡುವ ಮಗುವನ್ನು ನೋಡಬೇಡಿ, ಹಿಂದಿನ ಸಾಲಿನಲ್ಲಿ ಹೆಜ್ಜೆ ತಪ್ಪುತ್ತಿರುವ ಮಗುವನ್ನು ನೋಡಿ. ಗುರುಗಳು ಅದರ ಹತ್ತಿರ ಎಷ್ಟು ಸಲ ಹೋಗುತ್ತಾರೆ? ಹೇಗೆ ಮಾತಾಡಿಸುತ್ತಾರೆ? ಭಂಗಿ ತಿದ್ದಲು ಮುಟ್ಟುವ ಮೊದಲು ಹೇಳುತ್ತಾರಾ? ನೋವು ಅಂದ ಮಗುವಿಗೆ ಏನು ಹೇಳುತ್ತಾರೆ? ಈ ಕೊನೆಯದನ್ನು ನನ್ನ ಅಮ್ಮ ನೋಡಿದ್ದರೆ ನಾನು ಇವತ್ತಿಗೂ ಕುಣಿಯುತ್ತಿದ್ದೆ ಅನಿಸುತ್ತದೆ.

ದೂರದ ಲೆಕ್ಕವನ್ನೂ ಹಾಕಿ. ಜಯನಗರದವರು ಮಲ್ಲೇಶ್ವರದ ಕ್ಲಾಸಿಗೆ ಮೆಟ್ರೋದಲ್ಲಿ ಹೋಗಬಹುದು. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಕ್ಲಾಸು ಎಷ್ಟೇ ಒಳ್ಳೆಯದಿರಲಿ, ಎರಡನೇ ಮಳೆಗಾಲಕ್ಕೆ ನಿಂತುಹೋಗುತ್ತದೆ. ಹತ್ತಿರದ ಸಾಧಾರಣ ಹೆಸರಿನ ಒಳ್ಳೆಯ ಗುರು ದೂರದ ದೊಡ್ಡ ಹೆಸರಿಗಿಂತ ಮೇಲು.

ಹೋದ ವರ್ಷ ಏಳು ವರ್ಷದ ಮಗಳ ಬಗ್ಗೆ ಕೇಳಿದ ಗೆಳತಿಗೂ ಇದನ್ನೇ ಹೇಳಿದ್ದೆ. ಒಂದೇ ವಾರದಲ್ಲಿ ಮೂರು ಕ್ಲಾಸಿಗೆ ಕರೆದುಕೊಂಡು ಹೋದಳು. ಮಂಗಳವಾರ ಭರತನಾಟ್ಯ, ಶನಿವಾರ ಪಾರ್ಕಿನಲ್ಲಿ ಸಿಲಂಬ, ಭಾನುವಾರ ಯಕ್ಷಗಾನ. ಸೋಮವಾರ ಬೆಳಗ್ಗೆ ಫೋನ್ ಮಾಡಿದಳು. "ಅಕ್ಕಾ, ಇವಳು ಅರೆಮಂಡಿಯಲ್ಲಿ ಕೂತು ಹಲ್ಲುಜ್ಜುತ್ತಿದ್ದಾಳೆ." ಮಗಳು ವಿಜಯದಶಮಿಗೆ ಭರತನಾಟ್ಯಕ್ಕೆ ಸೇರಿದಳು. ಶನಿವಾರ ಪಾರ್ಕಿನಲ್ಲಿ ಸುಮ್ನೆ ಕೋಲು ಹಿಡಿದು ನೋಡಿದ್ದ ಅಮ್ಮ ಸಿಲಂಬಕ್ಕೆ ಸೇರಿದಳು. ಈಗ ಅವರ ಮನೆ ಬಾಗಿಲ ಹಿಂದೆ ಒಂದು ಬಿದಿರು ಕೋಲು ನಿಂತಿದೆ. ಮಗಳ ಗೆಜ್ಜೆ ಇನ್ನೂ ಬಂದಿಲ್ಲ, ಅದಕ್ಕೆ ಗೆಜ್ಜೆಪೂಜೆ ಆಗಬೇಕು.